ಜಡಿಮಳೆಯಲ್ಲಿ ತವರಿನ ಹೇಂಟೆ

ಪಶುವೈದ್ಯರಲ್ಲೂ ಮೇಲು ಕೀಳುಂಟು. ಪಂದ್ಯದ ಕುದುರೆ ನೋಡುವವರು ಎಲ್ಲರಿಗಿಂತ ಮೇಲೆ. ಆಮೇಲೆ ನಾಯಿ ಬೆಕ್ಕಿನವರು. ಅವರಿಗೆ ತಣ್ಣನೆಯ ಕೋಣೆ, ಕಾಯುವವರಿಗೆ ಸೋಫಾ. ಆಮೇಲೆ ಸೀಮೆಹಸುವಿನವರು. ಎಲ್ಲರ ಕೆಳಗೆ, ಹಿತ್ತಲ ಕೋಳಿ ನೋಡುತ್ತಿದ್ದ ನನ್ನಂಥವರು. ಮದುವೆ ಮನೆಯಲ್ಲಿ ಯಾರಾದರೂ "ನೀವು ಏನು ಸ್ಪೆಷಲಿಸ್ಟು?" ಎಂದು ಕೇಳಿದಾಗ "ನಾಟಿ ಕೋಳಿ" ಎಂದರೆ ಸಾಕು, ಮಾತು ಸೀದಾ ಸಾರಿಗೆ ಹೋಗುತ್ತಿತ್ತು. ಕೋಳಿಗೆ ಡಾಕ್ಟರು ಯಾಕೆ, ಮಸಾಲೆ ಸಾಲದೇ ಎಂದು ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ. ಈಗ ನಿವೃತ್ತಳಾಗಿ ಮತ್ತಿಕೆರೆಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಹಾಗೆ ನಕ್ಕು ಸುಮ್ಮನಾಗದಿರಲಿ ಎಂಬುದಷ್ಟೇ ನನ್ನ ಆಸೆ. ಬಡ್ತಿ, ವರ್ಗಾವಣೆಗಳ ಪುರಾಣ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಕೇಳಿ. ನಾನು ಹೇಳುವುದು ಮಳೆಯಲ್ಲಿ ನಿಂತ ಕೋಳಿಯ ವಿಷಯ.

ನಾನು ಬಾಗಲಕೋಟೆ ಕಡೆಯವಳು. ನಮ್ಮದು ನದಿ ದಂಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಊರು, ಮನೆ, ಮನೆ ಮುಂದಿನ ಬೇವಿನ ಮರ ಎಲ್ಲ ನೀರಿನ ಕೆಳಗೆ ಹೋದವು. ಅಷ್ಟರಲ್ಲಿ ನಾನು ಬೆಂಗಳೂರಿನ ಉತ್ತರದ ತುದಿಯಲ್ಲಿ, ರಾಜಾನುಕುಂಟೆಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಕಡೆಯ ಮಳೆ ಬರುತ್ತದೆ, ಬಡಿಯುತ್ತದೆ, ಹೋಗುತ್ತದೆ. ಇಲ್ಲಿಯದು ಹಾಗಲ್ಲ. ದೀಪಾವಳಿ ಕಳೆದ ಮೇಲೆ ಚೆನ್ನೈ ಕಡೆ ವಾಯುಭಾರ ಕುಸಿಯಿತೆಂದರೆ ಇಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣಗೆ, ತಣ್ಣಗೆ, ಬಿಡುವೇ ಇಲ್ಲದೆ ಜಡಿ ಹಿಡಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಮನಸ್ಸೂ ಒಣಗುವುದಿಲ್ಲ.

ಅಂಥ ಮೊದಲನೆಯ ಜಡಿಯಲ್ಲಿ ಆಸ್ಪತ್ರೆಯ ಜಗುಲಿಯಲ್ಲಿ ನಿಂತು ಎದುರು ಮನೆಯ ಕೋಳಿಗಳನ್ನು ನೋಡುತ್ತಿದ್ದೆ. ಅವು ನೆನೆಯುತ್ತಲೇ ಕೆದರುತ್ತಿದ್ದವು. ನನಗೆ ಅಯ್ಯೋ ಎನ್ನಿಸಿತು. ನಮ್ಮ ಕಾಂಪೌಂಡರ್ ಹನುಮಂತರಾಯಪ್ಪ ಅಲ್ಲೇ ಪಕ್ಕದ ಹಳ್ಳಿಯವರು. ಅವರು ಕೋಳಿಗಳನ್ನೂ ಮೋಡವನ್ನೂ ಒಮ್ಮೆ ನೋಡಿ, "ಮೇಡಂ, ಇವತ್ತು ಇದು ಬುಡಾಕಿಲ್ಲ. ಕೋಳಿ ಸೂರಿಗೆ ಓಡ್ ಬಂತು ಅಂದ್ರೆ ಮಳೆ ಈಗ್ ನಿಲ್ತದೆ ಅಂತ. ನೆನ್ಕಂಡೇ ಮೇಯಕ್ ಓಯ್ತು ಅಂದ್ರೆ ಜಡಿ ಇಡ್ಕಂತು ಅಂತ" ಎಂದರು.

"ಕೋಳಿಗೆ ಹೆಂಗ ಗೊತ್ತಾಗ್ತದರಿ?"

"ಅದು ನಂಗೆಂಗ್ ಗೊತ್ತು ಮೇಡಂ, ನಾನೇನ್ ಕೋಳಿಯಾ?"

ಅಂದು ಸಂಜೆಯವರೆಗೂ ಮಳೆ ನಿಲ್ಲಲಿಲ್ಲ. ನಾನು ಮಾತ್ರ ಕೋಳಿಯನ್ನು ಅಂದೇ ಮೊದಲು ಸರಿಯಾಗಿ ನೋಡಿದೆ. ಮಳೆ ಜೋರಾದಾಗ ಅದು ಮೈ ನೆಟ್ಟಗೆ ಮಾಡಿ, ಬಾಲ ಇಳಿಬಿಟ್ಟು, ಕತ್ತು ಒಳಗೆಳೆದುಕೊಂಡು ನಿಲ್ಲುತ್ತದೆ. ಹನಿ ಬೆನ್ನಿನ ಮೇಲೆ ಬಿದ್ದು ಹೆಂಚಿನ ಮೇಲೆ ಜಾರಿದ ಹಾಗೆ ಬಾಲದ ತುದಿಯಿಂದ ನೆಲಕ್ಕಿಳಿಯುತ್ತದೆ. ಮೇಲಿನ ಗರಿ ತೊಯ್ದರೂ ಒಳಗಿನ ತುಪ್ಪುಳು ಒಣಗಿಯೇ ಇರುತ್ತದೆ. ಮಳೆ ಸ್ವಲ್ಪ ಬಿಟ್ಟೊಡನೆ ಬಾಲದ ಬುಡದಲ್ಲಿರುವ ಎಣ್ಣೆಯ ಗಂಟನ್ನು ಕೊಕ್ಕಿನಿಂದ ಒತ್ತಿ, ಒಂದೊಂದೇ ಗರಿಗೆ ಸವರಿಕೊಳ್ಳುತ್ತದೆ. ಪುಸ್ತಕದಲ್ಲಿ ಇದನ್ನೆಲ್ಲ ಓದಿ ಪಾಸಾಗಿದ್ದೆ. ಕಣ್ಣೆದುರು ನೋಡಿದಾಗ ಮಾತ್ರ ಮೈ ಜುಂ ಎಂದಿತು.

ಆ ಕಾಲದಲ್ಲಿ ನಮಗೊಬ್ಬ ಮೇಲಧಿಕಾರಿ ಇದ್ದರು. ಹೆಸರು ಬೇಡ. ತಮ್ಮ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದು ತಿಳಿದಿದ್ದವರು, ಮನಸ್ಸಿನಿಂದ ಮಾತ್ರ ಒಳ್ಳೆಯವರು. ಕೋಳಿ ಒದ್ದೆಯಾಗಬಾರದು ಎಂದು ತಾವೇ ಒಂದು ಗೂಡಿನ ನಕ್ಷೆ ಬರೆದರು. ನಾಲ್ಕೂ ಕಡೆ ತಗಡು, ಮೇಲೆ ತಗಡು, ಒಂದು ಪುಟ್ಟ ಬಾಗಿಲು. ಹಳ್ಳಿ ಹಳ್ಳಿಗೆ ಹಂಚಿದೆವು. ಒಳ್ಳೆಯ ಮಳೆಗಾಲದಲ್ಲಿ ಅವರನ್ನು ಜೀಪಿನಲ್ಲಿ ಕರೆದುಕೊಂಡು ನೋಡಲು ಹೋದರೆ, ಕೋಳಿಗಳೆಲ್ಲ ಗೂಡಿನ ನೆತ್ತಿಯ ಮೇಲೆ ಸಾಲಾಗಿ ಕೂತು ನೆನೆಯುತ್ತಿದ್ದವು. ಒಳಗೆ ಬೀದಿ ನಾಯಿಯೊಂದು ಮರಿ ಹಾಕಿಕೊಂಡು ಬೆಚ್ಚಗೆ ಮಲಗಿತ್ತು.

ಸಾಹೇಬರು ಬಹಳ ಹೊತ್ತು ನೋಡಿದರು. "ಟ್ರೈನಿಂಗ್ ಕೊಡ್ಬೇಕು ಕಣ್ರೀ" ಎಂದರು.

"ಊರಿನವರಿಗಾ ಸರ್?"

"ಕೋಳಿಗೆ!"

ಹನುಮಂತರಾಯಪ್ಪ ನಗು ತಡೆಯಲಾರದೆ ಜೀಪಿನ ಹಿಂದಕ್ಕೆ ಹೋದರು. ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳಬೇಕಾದ ಮುಖ್ಯ ಪಾಠ ಆ ತಗಡಿನ ನೆತ್ತಿಯ ಮೇಲೆ ಕೂತಿತ್ತು. ಬೆಳೆದ ಕೋಳಿಗೆ ಮಳೆ ಅಂಥ ಶತ್ರುವಲ್ಲ, ಗಾಳಿಯಾಡದ ತೇವವೇ ಶತ್ರು. ಮುಚ್ಚಿದ ಗೂಡಿನಲ್ಲಿ ಹಿಕ್ಕೆಯ ಘಾಟು ಕಣ್ಣಿಗೂ ಉಸಿರಿಗೂ ಏರುತ್ತದೆ. ನೆನೆದ ಕೋಳಿ ಒಣಗುತ್ತದೆ, ಉಸಿರು ಕಟ್ಟಿದ ಕೋಳಿ ಏಳುವುದಿಲ್ಲ. ಇದನ್ನು ಜನರಿಗೆ ಹೇಳಿ ಒಪ್ಪಿಸುವುದು ಕಷ್ಟ, ಯಾಕೆಂದರೆ ಪ್ರೀತಿ ಇದ್ದವರೇ ಹೆಚ್ಚು ಮುಚ್ಚುತ್ತಾರೆ.

ಆಮೇಲೆ ಯಲಹಂಕದ ಸುತ್ತ ಹೊಲಗಳು ಬಡಾವಣೆಗಳಾದವು. ನನ್ನ ಕೆಲಸದ ರೀತಿಯೂ ಬದಲಾಯಿತು. ಜನ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವ ಬದಲು ವಾಟ್ಸ್ಯಾಪಿನಲ್ಲಿ ಕಳಿಸತೊಡಗಿದರು. ಒಮ್ಮೆ ದಿನಗಟ್ಟಲೆ ಸುರಿದ ಮಳೆ ಬಿಟ್ಟು ಫಳ್ಳನೆ ಬಿಸಿಲು ಬಿದ್ದ ಬೆಳಿಗ್ಗೆ ಒಬ್ಬ ತರುಣ ಫೋನು ಮಾಡಿದ. ಅವನು ಹೆಂಡತಿಯ ಜೊತೆ ಆಸೆಪಟ್ಟು ಜೋಡಿ ನಾಟಿ ಕೋಳಿ ಸಾಕಿದ್ದ. "ಮೇಡಂ, ಎರಡೂ ಕೊಲ್ಯಾಪ್ಸ್ ಆಗಿವೆ, ಕಾಲು ಸೆಟೆದಿದೆ, ಕಣ್ಣು ಮುಚ್ಚಿವೆ, ಬೇಗ ಬನ್ನಿ ಪ್ಲೀಸ್!" ವಿಡಿಯೋ ನೋಡಿದೆ. ಎರಡೂ ಹೂವಿನ ಪಾತಿಯಲ್ಲಿ ಒಂದು ಬದಿಗೆ ವಾಲಿ, ರೆಕ್ಕೆ ಚೆಲ್ಲಿ, ಒಂದು ಕಾಲು ಚಾಚಿ ಬಿದ್ದಿದ್ದವು. ವಿಷಯ ಗೊತ್ತಾಯಿತು, ಆದರೂ ಹೋದೆ. ನಾನು ಗೇಟು ತೆಗೆದ ಸದ್ದಿಗೆ ಒಂದು ಕೋಳಿ ಅರ್ಧ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

"ಇವಕ್ಕ ಏನೂ ಆಗಿಲ್ಲಪ್ಪಾ. ಬಿಸಿಲು ಕಾಯಿಸ್ಕೊಳ್ಳಾಕತ್ತಾವ."

ಹುಡುಗನಿಗೆ ನಾಚಿಕೆಯಾಯಿತು. ನಾನು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಪಾತಿಯ ಒಂದು ಅಂಚಿಗೆ ಸೂರಿನ ಮರೆಯಿದ್ದುದರಿಂದ ಅಲ್ಲಿ ಒಂದು ಹಿಡಿ ಮಣ್ಣು ಒಣಗಿಯೇ ಉಳಿದಿತ್ತು. ಕೋಳಿಗಳು ಎದ್ದು ಆ ಮಣ್ಣನ್ನು ಗರಿಯೊಳಗೆ ತೂರಿಕೊಂಡು ಹೊರಳಾಡಿದವು, ಆಮೇಲೆ ನಿಂತು ಮೈ ಕೊಡವಿದವು. ಬಿಸಿಲಲ್ಲಿ ಮಣ್ಣಿನ ಒಂದು ಮೋಡವೇ ಎದ್ದಿತು. ತೇವ, ಹೇನು, ಜಿಡ್ಡು ಎಲ್ಲ ಅದರೊಂದಿಗೆ ಹೋಯಿತು. ಹುಡುಗ ಬಾಯಿ ತೆರೆದುಕೊಂಡು ನೋಡುತ್ತಿದ್ದ. ನನಗೂ ಅಂದು ಬೇರೆ ಕೆಲಸಕ್ಕೆ ಹೋಗುವ ಮನಸ್ಸಾಗಲಿಲ್ಲ.

ಇಷ್ಟೆಲ್ಲ ನೋಡಿದವಳು ಇನ್ನು ಬೆರಗಾಗುವುದು ಉಳಿದಿಲ್ಲ ಎಂದುಕೊಂಡಿದ್ದೆ. ಆಗ ಕೊಡಿಗೇಹಳ್ಳಿಯ ಅಕ್ಕಯ್ಯಮ್ಮನ ಹೇಂಟೆ ಬಂತು.

ಅಕ್ಕಯ್ಯಮ್ಮ ಹಳೆಯ ಊರಿನವರು. ಹೆಂಚಿನ ಮನೆ ಇದ್ದ ಜಾಗದಲ್ಲಿ ಮಗ ನಾಗರಾಜ ಬಾಡಿಗೆಗೆಂದು ಮಹಡಿ ಮೇಲೆ ಮಹಡಿ ಎತ್ತಿದ್ದ. ತಾಯಿಯ ಹಟಕ್ಕೆ ಹೊರಗಿನ ಮೆಟ್ಟಿಲ ಕೆಳಗೆ ಮಾತ್ರ ಸಿಮೆಂಟು ಹಾಕಿಸದೆ ಒಂದು ತುಂಡು ಮಣ್ಣು ಬಿಟ್ಟಿದ್ದ. ಅದು ಕೋಳಿಗಳ ಜಾಗ. ಕಪ್ಪು ಮೈ, ಕತ್ತಿನ ಸುತ್ತ ಬೆಲ್ಲದ ಬಣ್ಣ. ಅಂಥ ಕೋಳಿಯನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಅವರು ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ತವರಿನವರು ಬಿದಿರಿನ ಮಂಕರಿಯಲ್ಲಿ ಒಂದು ಹೇಂಟೆ ಕೊಟ್ಟು ಕಳಿಸಿದ್ದರಂತೆ. ಅದರ ಮರಿ, ಮರಿಯ ಮರಿ ಎಂದು ತಳಿ ಇಲ್ಲಿಯವರೆಗೆ ನಡೆದು ಬಂದಿತ್ತು. ನಾನೊಮ್ಮೆ ಆಸೆಪಟ್ಟು ಒಂದು ಹೇಂಟೆ ಕೊಡ್ತೀರಾ, ದುಡ್ಡು ಕೊಡ್ತೀನಿ ಎಂದಿದ್ದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದರು:

"ತೌರಿನ ಕೋಳಿ ಮಾರಂಗಿಲ್ಲ ಡಾಕ್ಟ್ರಮ್ಮ. ಮಾರಿದ್ರೆ ತೌರು ಮಾರ್ದಂಗೆ. ಕೊಟ್ರೆ ಮಗಳಿಗೆ ಕೊಡ್ಬೇಕು. ನಂಗೆ ಮಗಳಿಲ್ಲ."

ಅವರ ತವರೂರು ಈಗ ಇಲ್ಲ. ಮನೆ ಇದ್ದಲ್ಲಿ ಅಗಲವಾದ ರಸ್ತೆ ಹೋಗಿದೆ, ಅಣ್ಣ ತಮ್ಮಂದಿರು ತೀರಿಕೊಂಡಿದ್ದಾರೆ. "ನಂಗೆ ತೌರು ಅಂತ ಉಳ್ದಿರೋದು ಇವೇಯ" ಎಂದು ಕೋಳಿಗಳ ಕಡೆ ಕೈ ತೋರಿಸಿದ್ದರು.

ನಾನು ನಿವೃತ್ತಳಾಗುವುದಕ್ಕೆ ಮುಂಚಿನ ವರ್ಷ ಹವೆ ತಲೆ ಕೆಟ್ಟಂತೆ ಆಡಿತು. ಶಿವರಾತ್ರಿಗೆ ಮೊದಲೇ ಸೆಕೆ, ಮಧ್ಯಾಹ್ನ ಉರಿ, ಸಂಜೆ ಆಲಿಕಲ್ಲು. ಇಂಥ ಏರುಪೇರಿನಲ್ಲೇ ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಕೊಕ್ಕರೆ ರೋಗ ನುಗ್ಗುತ್ತದೆ. ಕೊಡಿಗೇಹಳ್ಳಿಗೆ ನಾವು ಲಸಿಕೆ ಹಾಕಲು ಹೋದ ದಿನ ಅಕ್ಕಯ್ಯಮ್ಮನ ಕೋಳಿಗಳು ನಮ್ಮನ್ನು ಕಂಡದ್ದೇ ನುಗ್ಗೆ ಮರ ಏರಿ ಕೂತವು. ಕಾವಿಗೆ ಕೂತು ಏಳಲಾರದ ಒಂದು ಹೇಂಟೆ ಮಾತ್ರ ಕೈಗೆ ಸಿಕ್ಕಿತು. ಅದರ ಕಣ್ಣಿಗೆ ಲಸಿಕೆಯ ಹನಿ ಹಾಕಿದೆವು. ಮತ್ತೆ ಬರುವಷ್ಟರಲ್ಲಿ ರೋಗ ಬಂದು ಹೋಗಿತ್ತು. ಮರ ಹತ್ತಿದವೆಲ್ಲ ಹೋದವು, ಆ ಸಲದ ಮರಿಗಳೂ ಹೋದವು, ಹೇಂಟೆ ಒಂದೇ ಉಳಿಯಿತು. ವಯಸ್ಸಾದ ಹೇಂಟೆ. ಪಕ್ಕದ ಬೀದಿಯ ಹುಂಜದ ದಯೆಯಿಂದ ದೀಪಾವಳಿಯ ಹೊತ್ತಿಗೆ ಮತ್ತೆ ಒಂದಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಅಕ್ಕಯ್ಯಮ್ಮ ಮಂಕರಿಗೆ ರಾಗಿ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇದ್ದಲ ಚೂರು, ಕಬ್ಬಿಣದ ಮೊಳೆ ಇಟ್ಟಿದ್ದರು. ಅದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ, ಆದರೆ ಒಂದು ದಿನವೂ ಆ ಮೊಳೆ ತೆಗೆಯಿರಿ ಎಂದವಳಲ್ಲ. ಇದೇ ಕೊನೆಯ ಕಾವು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಈ ಮೊಟ್ಟೆ ಒಡೆಯದಿದ್ದರೆ ಆ ತಳಿ ಮುಗಿಯಿತು.

ಆಗ ಚೆನ್ನೈ ಕಡೆಯಿಂದ ಜಡಿ ಬಂತು.

ಒಂದು ಮಧ್ಯಾಹ್ನ ನಾಗರಾಜ ಫೋನು ಮಾಡಿದ. ಅವನು ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುವವನು, ಅಂದು ಗಾಡಿ ತೆಗೆದಿರಲಿಲ್ಲ. "ಮೇಡಂ, ಅಮ್ಮ ಊಟ ಬಿಟ್ಟು ಕೂತವ್ರೆ. ಕೋಳಿ ಮೊಟ್ಟೆ ಮೇಲೆ ಕೂರ್ತಾನೇ ಇಲ್ಲ. ದಯವಿಟ್ಟು ಬಂದ್ಬಿಡಿ."

ಹೋದೆ. ನಡೆದದ್ದು ಇಷ್ಟು: ಮೆಟ್ಟಿಲ ಬಿರುಕಿನಿಂದ ನೀರು ಸೋರಿ ಮಂಕರಿಯ ಹುಲ್ಲು ಒದ್ದೆಯಾಗಿತ್ತು. ನಾಗರಾಜ ಕಳವಳದಿಂದ ಬೆಳಿಗ್ಗೆ ಮಂಕರಿ ಎತ್ತಿ ಅಡಿಗೆಮನೆಯ ಮೂಲೆಯಲ್ಲಿ ಹೊಸ ಹುಲ್ಲು ಹಾಸಿ ಇಟ್ಟು, ಮೊಟ್ಟೆಯ ಮೇಲೆ ಬಲ್ಬು ಇಳಿಬಿಟ್ಟು, ಹೇಂಟೆಯನ್ನೂ ತಂದು ಕೂರಿಸಿದ್ದ. ಅರಮನೆಯಂಥ ಏರ್ಪಾಟು. ಹೇಂಟೆ ಮಾತ್ರ ಅರಚಿಕೊಂಡು ಎದ್ದು, ಬಾಗಿಲು ತೆರೆದದ್ದೇ ತಡ ಹೊರಗೋಡಿ, ಮೆಟ್ಟಿಲ ಕೆಳಗೆ ಮೊದಲಿದ್ದ ಜಾಗದಲ್ಲೇ ಬರಿ ನೆಲದ ಮೇಲೆ ಕೂತಿತ್ತು. ಎಷ್ಟು ಸಲ ತಂದರೂ ಅಷ್ಟೇ. ಒಳಗೆ ಮೊಟ್ಟೆ, ಹೊರಗೆ ತಾಯಿ, ನಡುವೆ ಅಕ್ಕಯ್ಯಮ್ಮ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಂಗಾಗೋಯ್ತಲ್ಲ ಡಾಕ್ಟ್ರಮ್ಮ. ಬರಿ ನೆಲ ಕಾಯ್ತಾ ಕೂತದಲ್ಲ, ಉಚ್ಚು ಇಡ್ದದೆ ಇದ್ಕೆ."

ನಾನು ಮೆಟ್ಟಿಲ ಕೆಳಗೆ ಬಗ್ಗಿ ಕೂತೆ. ಸುತ್ತ ಕೆಸರು. ಹಿಂದೆ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೇಂಟೆಯ ಬೆನ್ನು ಒದ್ದೆಯಾಗಿ ಹೊಳೆಯುತ್ತಿತ್ತು. ಕೈ ಚಾಚಿದರೆ ಕುಕ್ಕಿತು. ಕುಕ್ಕಲಿ ಎಂದು ಅದರ ಹೊಟ್ಟೆಯ ಕೆಳಗೆ ಬೆರಳು ತೂರಿಸಿದೆ.

ಆ ನೆಲ ಒಣಗಿತ್ತು. ಬೆಚ್ಚಗಿತ್ತು. ಹುರಿದ ರಾಗಿ ಹಿಟ್ಟಿನ ಹಾಗೆ ಬೆರಳಿಗೆ ಉದುರುದುರಾಗಿ ಸಿಕ್ಕಿತು.

ಬೆಂಗಳೂರೆಲ್ಲ ತೊಯ್ದು ತೊಪ್ಪೆಯಾಗಿದ್ದ ಆ ಹೊತ್ತಿನಲ್ಲಿ, ಒಂದು ಮುದಿ ಹೇಂಟೆ ತನ್ನ ಮೈಯಷ್ಟು ಅಗಲದ ಭೂಮಿಯನ್ನು ಒಣಗಿಸಿ ಇಟ್ಟುಕೊಂಡಿತ್ತು. ಕೋಳಿಯ ಮೈ ಬಿಸಿ ಎಷ್ಟೆಂದರೆ, ನಮಗೆ ಅಷ್ಟು ಜ್ವರ ಬಂದರೆ ಆಸ್ಪತ್ರೆಗೆ ಸೇರಿಸುತ್ತಾರೆ. ಕಾವಿಗೆ ಕೂರುವಾಗ ಹೊಟ್ಟೆಯ ತುಪ್ಪುಳನ್ನು ತಾನೇ ಕಳೆದುಕೊಂಡು ಬರಿ ಚರ್ಮವನ್ನೇ ಮೊಟ್ಟೆಗೆ ತಾಗಿಸುತ್ತದೆ. ಹೊರಗಿನ ಗರಿಯನ್ನು ಮಳೆಗೆ ಕೊಟ್ಟು, ಒಳಗಿನ ಚರ್ಮವನ್ನು ಮರಿಗೆ ಇಟ್ಟುಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಆ ಕೆಸರಿನಲ್ಲಿ ಮಂಡಿಯೂರಿ, ಬೆರಳನ್ನು ಆ ಬಿಸಿಯಿಂದ ಹೊರಗೆ ತೆಗೆಯಲು ಮನಸ್ಸಾಗದೆ ಹಾಗೇ ಕೂತಿದ್ದೆ. ದೇವರ ಗುಡಿಯಲ್ಲಿ ನಿಂತಾಗಲೂ ನನಗೆ ಅಷ್ಟು ಭಕ್ತಿ ಬಂದದ್ದಿಲ್ಲ.

ಒಳಗೆ ಬಂದು ಅಡಿಗೆಮನೆಯ ಬಲ್ಬು ಆರಿಸಿ, ಕಿಟಕಿಗೆ ಬಟ್ಟೆ ಕಟ್ಟಿಸಿದೆ. ಮೊಟ್ಟೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು ನೋಡತೊಡಗಿದೆ. ಒಂದಷ್ಟು ಮೊಟ್ಟೆಗಳಲ್ಲಿ ಜೀವವಿರಲಿಲ್ಲ. ಅವನ್ನು ಪಕ್ಕಕ್ಕಿಟ್ಟೆ. ಮುಂದಿನದರಲ್ಲಿ ಕೆಂಪು ನರಗಳ ಬಲೆ ಕಂಡಿತು, ಬಲೆಯ ನಡುವೆ ಕರಿ ನೆರಳು. ನೆರಳು ಸಣ್ಣಗೆ ಒದೆಯಿತು.

"ನೋಡ್ರಿ ಅಮ್ಮಾ ಇಲ್ಲಿ."

ಅಕ್ಕಯ್ಯಮ್ಮ ಕಣ್ಣು ಕಿರಿದು ಮಾಡಿ ಬಗ್ಗಿದರು. "ಅಯ್ಯೋ ನನ್ ತಾಯೇ, ಅಲ್ಲಾಡ್ತದಲ್ಲೋ ನಾಗ!"

ಬಲ್ಬಿನ ಬಿಸಿ ಅಷ್ಟು ಹೊತ್ತು ಹೇಗೋ ಕಾಪಾಡಿತ್ತು. ಬದುಕಿದ್ದವನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೇ ಅಕ್ಕಯ್ಯಮ್ಮ ಕೇಳಿದರು, "ನಿಮ್ ತೌರು ಯಾವೂರು ಡಾಕ್ಟ್ರಮ್ಮ? ಇಷ್ಟ್ ವರ್ಸಾದ್ರೂ ಕೇಳೇ ಇಲ್ಲ ನಾನು."

"ನೀರಾಗ ಮುಳುಗೇದ ಅಮ್ಮಾ. ಡ್ಯಾಮಿನ ಹಿನ್ನೀರಿನ್ಯಾಗ. ಬ್ಯಾಸಗಿಗೆ ನೀರು ಇಳದ್ರ ಗುಡಿ ಶಿಖರ ಅಷ್ಟ ಕಾಣಸ್ತದಂತ."

"ನಂದು ರೋಡಿನ ಕೆಳ್ಗೆ, ನಿಂದು ನೀರಿನ ಕೆಳ್ಗೆ ಅನ್ನು" ಎಂದರು. ಅಲ್ಲಿಂದ ಮುಂದೆ ನನ್ನನ್ನು ಏಕವಚನದಲ್ಲೇ ಕರೆದರು.

ನಾಗರಾಜ ಗೆಳೆಯನ ಹತ್ತಿರ ಇನ್‌ಕ್ಯುಬೇಟರ್ ಇದೆ, ತರಲೇ ಎಂದ. ಮಳೆಗೆ ಕರೆಂಟು ಹೋಗಿ ಬಂದು ಆಟ ಆಡುತ್ತಿತ್ತು, ನಂಬುವ ಹಾಗಿರಲಿಲ್ಲ. ತಾಯಿಯನ್ನು ಮೊಟ್ಟೆಯ ಹತ್ತಿರ ತರುವುದು ಬಿಟ್ಟು ಮೊಟ್ಟೆಯನ್ನೇ ತಾಯಿಯ ಹತ್ತಿರ ಒಯ್ಯೋಣ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. "ಆ ಕೆಸರಿಗಾ ಮೇಡಂ?"

"ಆಕಿ ಕುಂತಲ್ಲಿ ಕೆಸರಿಲ್ಲಪ್ಪಾ. ಉಳಿದದ್ದು ನಾವು ನೋಡ್ಕೋಬೇಕು."

ಮನೆಯಲ್ಲಿ ಯಾವುದೋ ಹಬ್ಬಕ್ಕೆ ಶುಭ ಕೋರಿದ ಹಳೆಯ ಫ್ಲೆಕ್ಸ್ ಇತ್ತು, ಅದರಲ್ಲಿ ಯಾರೋ ಮುಖಂಡರು ಕೈ ಮುಗಿದು ನಗುತ್ತಿದ್ದರು. ನಾಗರಾಜ ಅದನ್ನು ನಾಲ್ಕೂ ಕಡೆ ಸುತ್ತಲು ಹೊರಟ. ತಗಡಿನ ಗೂಡಿನ ಕಥೆ ನೆನಪಾಗಿ ತಡೆದೆ. ಸೋರುವ ಮೆಟ್ಟಿಲ ಕೆಳಗೆ ಅದನ್ನು ಇಳಿಜಾರಾಗಿ ಕಟ್ಟಿ, ಎರಡೂ ಬದಿ ಗಾಳಿಗೆ ಬಿಟ್ಟೆವು. ಹೇಂಟೆಯ ಸುತ್ತ ಇಟ್ಟಿಗೆ ಸಾಲಿಟ್ಟು, ನೀರು ಹರಿದು ಹೋಗಲು ಗುದ್ದಲಿಯಿಂದ ಒಂದು ಕಾಲುವೆ ಎಳೆದೆವು. ಇಷ್ಟು ಗದ್ದಲ ನಡೆದರೂ ಹೇಂಟೆ ಏಳಲಿಲ್ಲ.

ಆಮೇಲೆ ಅಕ್ಕಯ್ಯಮ್ಮ ಒಂದು ಮೊಟ್ಟೆಯನ್ನು ಅದರ ಮುಂದಿಟ್ಟರು. ಹೇಂಟೆ ಕತ್ತು ಓರೆ ಮಾಡಿ ನೋಡಿತು. ಕೊಕ್ಕಿನ ಕೆಳಭಾಗದಿಂದ ಮೊಟ್ಟೆಯನ್ನು ಮೆಲ್ಲನೆ ಉರುಳಿಸಿಕೊಂಡು ಎದೆಯ ಕೆಳಗೆ ಎಳೆದುಕೊಂಡಿತು. ಇನ್ನೊಂದು ಇಟ್ಟರು. ಅದನ್ನೂ ಎಳೆದುಕೊಂಡಿತು. ಕೊನೆಯದು ಒಳಗೆ ಹೋದಾಗ ಗಂಟಲಿನಲ್ಲಿ ಕೊರ್ ಎಂದು ಒಂದು ಸಣ್ಣ ಸದ್ದು ಮಾಡಿ, ಗರಿ ಉಬ್ಬಿಸಿ, ಇನ್ನಷ್ಟು ತಗ್ಗಿ ಕೂತಿತು. ಮಳೆ ಹಾಗೇ ಸುರಿಯುತ್ತಿತ್ತು. ಮೂವರೂ ನೆನೆಯುತ್ತಾ ನಿಂತಿದ್ದೆವು, ಒಳಗೆ ಹೋಗೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಎಲ್ಲ ಮೊಟ್ಟೆ ಒಡೆಯಲಿಲ್ಲ. ಒಡೆದವು ಸಾಕಾಗುವಷ್ಟಿದ್ದವು. ಒಂದು ಬೆಳಿಗ್ಗೆ ನಾಗರಾಜನ ಫೋನು ಬಂತು. ಫೋನನ್ನು ಮೆಟ್ಟಿಲ ಕೆಳಗೆ ಹಿಡಿದಿದ್ದ. ಚಿಂವ್ ಚಿಂವ್ ಸದ್ದು ಕೇಳಿ, ಅದರ ಹಿಂದೆ ಅಕ್ಕಯ್ಯಮ್ಮ ಅಳುವುದೂ ಕೇಳಿ ನಾನೂ ಅತ್ತೆ. ಮರಿಗಳು ಮೈ ಒಣಗಿ ಚೇತರಿಸಿಕೊಳ್ಳುತ್ತಿದ್ದಂತೆ ಮೊದಲು ಹೋಗಿ ಲಸಿಕೆ ಹಾಕಿ ಬಂದೆ. ಮರ ಹತ್ತುವ ವಯಸ್ಸಿಗೆ ಕಾಯಲಿಲ್ಲ.

ನನ್ನ ಬೀಳ್ಕೊಡುಗೆಯ ದಿನ ಆಸ್ಪತ್ರೆಯಲ್ಲಿ ಗಂಧದ ಹಾರ, ಶಾಲು, ಭಾಷಣ ಎಲ್ಲ ಆಯಿತು. ಭಾಷಣ ಮಾಡಿದವರು ನನ್ನ ಸೇವೆಯ ಬಗ್ಗೆ ಏನೇನೋ ಹೇಳಿದರು, ಕೋಳಿಯ ಸುದ್ದಿ ಎತ್ತಲಿಲ್ಲ. ಕಾಫಿ ಕುಡಿಯುವಾಗ ಗೇಟಿನಲ್ಲಿ ನಾಗರಾಜನ ಕ್ಯಾಬ್ ನಿಂತಿತು. ಅಕ್ಕಯ್ಯಮ್ಮ ಒಳ್ಳೆಯ ಸೀರೆ ಉಟ್ಟು, ಬಟ್ಟೆ ಮುಚ್ಚಿದ ಮಂಕರಿ ಹಿಡಿದು ಇಳಿದರು. ಯಾರನ್ನೂ ಲೆಕ್ಕಿಸದೆ ನೇರ ನನ್ನ ಹತ್ತಿರ ಬಂದು, ಹಣೆಗೆ ಕುಂಕುಮ ಇಟ್ಟು, ಸೆರಗು ಹಿಡಿ ಎಂದು ಹೇಳಿ, ಅದರಲ್ಲಿ ಅಕ್ಕಿ, ಬೆಲ್ಲ, ಒಂದು ಹಿಡಿ ರಾಗಿ ಹಾಕಿದರು. ಆಮೇಲೆ ಮಂಕರಿಯ ಬಟ್ಟೆ ಸರಿಸಿದರು. ಎಳೆಯ ಹೇಂಟೆ. ಕಪ್ಪು ಮೈ. ಕತ್ತಿನ ಸುತ್ತ ಆಗ ತಾನೇ ಮೂಡುತ್ತಿದ್ದ ಬೆಲ್ಲದ ಬಣ್ಣ.

"ಇದನ್ನ ಮಾರಂಗಿಲ್ಲ ಅಂದಿದ್ನಲ್ಲ" ಎಂದರು. "ಮಗಳಿಗೆ ಕೊಡ್ಬೋದು."

ಸೆರಗು ಎರಡೂ ಕೈಯಲ್ಲಿದ್ದುದರಿಂದ ನನಗೆ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಅವರೇ ಒರೆಸಿ, ಅಷ್ಟು ವರ್ಷ ಕೋಳಿ ವೈದ್ಯ ಮಾಡಿದವಳಿಗೆ ಬುದ್ಧಿ ಹೇಳಿದರು: "ಮಳೆ ಬಂತು ಅಂತ ಎತ್ಕಂಡೋಗಿ ಒಳೀಕೆ ಮಡಗ್ಬ್ಯಾಡ ಕಣವ್ವ. ಅದ್ಕೆ ಗೊತ್ತು."

ಇದನ್ನು ಬರೆಯುತ್ತಿರುವಾಗ ಮತ್ತಿಕೆರೆಯಲ್ಲಿ ಮಳೆ. ಬೆಳಿಗ್ಗೆ ಬಿಸಿಲಿತ್ತು, ಈಗ ಆಕಾಶ ಬೂದಿ. ಹೇಂಟೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕೆಳಗೆ ಜಾಗವಿದ್ದರೂ ಹೊರಗೇ ಕುಂಡಗಳ ನಡುವೆ ಕೆದರುತ್ತಿದೆ. ಎಂದರೆ ಇವತ್ತು ಇದು ಬಿಡುವ ಮಳೆಯಲ್ಲ. ಎದುರಿನ ಪೀಜಿಯಲ್ಲಿರುವ ಕಾಲೇಜು ಹುಡುಗಿಯರು ಕಿಟಕಿಯಿಂದ ಕೂಗುತ್ತಿದ್ದಾರೆ. "ಆಂಟೀ, ನಿಮ್ಮ ಕೋಳಿ ಫುಲ್ ನೆನೀತಿದೆ, ಒಳಗೆ ಕರ್ಕೊಳ್ಳಿ!"

"ಇರ್ಲಿ ಬಿಡ್ರವ್ವಾ" ಎಂದೆ. "ಅದು ನಮ್ಮ ತವರಿಂದು."